ನಾಲ್ಕು ಆಯ್ತು

ಇನ್ನೂ ಬಾರದ ಒಂದು ಕಾಲದಲ್ಲಿ, ಮೈಸೂರಿನ ರಿಂಗ್ ರಸ್ತೆಯ ಆಚೆ, ಇನ್ನೂ ಮುಗಿಯದ ಒಂದು ಕಟ್ಟಡವಿತ್ತು. ಹದಿನಾಲ್ಕು ಅಂತಸ್ತು ಏರಿ, ನೂರಾ ಹನ್ನೆರಡು ಸಂಸಾರಗಳನ್ನು ಹೆಗಲ ಮೇಲೆ ಹೊತ್ತು, ಚಾಮುಂಡಿ ಬೆಟ್ಟಕ್ಕೆ ಮುಖ ಮಾಡಿ ನಿಲ್ಲಬೇಕೆಂಬುದು ಅದರ ಹಣೆಬರಹ. ಕಿಟಕಿಗೆ ಗಾಜು ಕೂತಿರಲಿಲ್ಲ, ಹಾಗಾಗಿ ಅದಕ್ಕೆ ಕಣ್ಣಿರಲಿಲ್ಲ. ಬಾಗಿಲು ಕೂತಿರಲಿಲ್ಲ, ಹಾಗಾಗಿ ಬಾಯಿ ಮುಚ್ಚಲು ಬರುತ್ತಿರಲಿಲ್ಲ. ಆದರೆ ಕಿವಿ ಮಾತ್ರ ಪಾಯ ತೋಡಿದ ದಿನವೇ ಬಂದುಬಿಟ್ಟಿತ್ತು.

ಮೆಣಸಿನ ಕಾಳಿನಷ್ಟು ಗಾತ್ರದ ಕಿವಿಗಳು ಅವು. ಕಾಂಕ್ರೀಟಿನ ಜೊತೆ ಬೆರೆತು ಗೋಡೆಯೊಳಗೆ ಒಂದಷ್ಟು, ಕೆಲಸದವರ ಹೆಲ್ಮೆಟ್ಟಿನ ಅಂಚಿನಲ್ಲಿ, ಪುಟ್ಟ ಸ್ಪೀಕರಿನ ಜೊತೆ, ಒಂದಷ್ಟು, ಬುಕಿಂಗ್ ಆಫೀಸಿನ ಮೇಜಿನ ಕೆಳಗೆ ಒಂದಷ್ಟು. ಮಾರುವವರು, ಕೊಳ್ಳುವವರು, ಕಟ್ಟುವವರು ಆಡಿದ ಮಾತೆಲ್ಲ ಹರಿದು ಬಂದು ನೆಲಮಾಳಿಗೆಯ ಒಂದು ಕೋಣೆಗೆ ಸೇರುತ್ತಿತ್ತು. ಅಲ್ಲಿದ್ದ ಯಂತ್ರ ಆ ಮಾತಿನ ರಾಶಿಯನ್ನು ಕೇರಿ, ಜೊಳ್ಳು ಹಾರಿಸಿ, ನಿರ್ಧಾರಗಳನ್ನು ಮಾತ್ರ ಆರಿಸಿಕೊಳ್ಳುತ್ತಿತ್ತು. ಪ್ರತಿ ಕೆಲಸದ ಮುಂದೆ ಒಂದು ಅಂಕಿ: ಅದು ಆಗಿದೆಯೆಂದು ನೂರಕ್ಕೆ ಎಷ್ಟು ನಂಬಬಹುದು ಎಂದು. ಒಂದು ಅಂತಸ್ತಿನ ಕೆಲಸಗಳೆಲ್ಲ ಎಪ್ಪತ್ತೈದು ದಾಟಿ ಹಸಿರಾದರೆ ಯಂತ್ರ ತಾನೇ ಕಾಂಕ್ರೀಟಿಗೆ ಹೇಳಿಕಳಿಸುತ್ತಿತ್ತು. ಕಂಪನಿಯವರು ಅದಕ್ಕಿಟ್ಟ ಹೆಸರು ‘ನಿರ್ಣಯ’. ನಾವು ಹೇಳಿದ್ದನ್ನೇ ನಮಗೆ ಹೇಳುತ್ತದೆಂದು ಕೆಲಸದವರು ಅದನ್ನು ಗಿಳಿ ಎಂದು ಕರೆಯುತ್ತಿದ್ದರು.

ಈ ಗಿಳಿಯನ್ನು ಸಾಕುವ ಕೆಲಸ ಇಂದುಮತಿಯದು. ಗಿಳಿಗೆ ಅರ್ಥವಾಗದ ಮಾತುಗಳನ್ನು ಅವಳು ಕೂತು ಬಿಡಿಸಿ ಹೇಳಬೇಕು. ‘ಪಂಪು ಕೈಕೊಟ್ಟಿತು’ ಅಂದರೆ ಪಂಪು ಸಹಾಯಕ್ಕೆ ಬಂತು ಎಂದಲ್ಲ. ‘ಹುಡುಗರು ಹೊಟ್ಟೆಗೆ ಹಾಕ್ಕೊಂಡು ಬರ್ತಾರೆ’ ಅಂದರೆ ಏನನ್ನೋ ಕದ್ದು ತರುತ್ತಾರೆ ಎಂದಲ್ಲ. ಅಜ್ಜಿಯ ಕಥೆ ಕೇಳಿಕೊಂಡೇ ದೊಡ್ಡವಳಾದ ಇಂದುಮತಿಗೆ ಈ ಕೆಲಸ ಕೆಲಸವೆಂದೇ ಅನ್ನಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುವಾಗ ಇವಳು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಂತಂತೆ. ಈಗ ಇಡೀ ಕಟ್ಟಡ ಕಥೆ ಹೇಳುತ್ತಿದೆ, ಗಿಳಿ ಹೂಂಗುಟ್ಟುತ್ತಿದೆ ಎಂದುಕೊಂಡು ಅವಳು ಆ ತಂಪು ಕೋಣೆಯಲ್ಲಿ ಸುಖವಾಗಿ ಕನಸು ಕಾಣುತ್ತಿದ್ದಳು.

ಒಂಬತ್ತನೇ ಅಂತಸ್ತಿನ ಮೂರನೇ ಮನೆ ಇಬ್ಬರು ಅಕ್ಕತಂಗಿಯರದು. ಅಕ್ಕ ವಿಶಾಲಾಕ್ಷಿ ಟೀಚರ್, ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ತಂಗಿ ಗಿರಿಜಾ ಕಾಲೇಜಿನ ದಿನಗಳಲ್ಲಿ ಬಸ್ಸಿನ ಅಪಘಾತವೊಂದರಲ್ಲಿ ಸೊಂಟದ ಕೆಳಗಿನ ಬಲ ಕಳೆದುಕೊಂಡವರು. ಮನೆ ಬುಕ್ ಮಾಡಿದ ಐದು ತಿಂಗಳಿಗೆ ಇಬ್ಬರೂ ಕೆಲಸ ಹೇಗೆ ನಡೆದಿದೆ ನೋಡಲು ಬಂದಿದ್ದರು. ಗಾಲಿಕುರ್ಚಿ ಮೆಟ್ಟಿಲಿಳಿಯಲಾರದ್ದರಿಂದ ಇಂದುಮತಿಯೇ ಮೇಲೆ ಹೋಗಿ, ಬೇವಿನ ಮರದ ನೆರಳಲ್ಲಿ ಅವರಿಗೆ ಎಳನೀರು ಕೊಡಿಸಿದ್ದಳು.

“ಬುಕಿಂಗ್‌ನಲ್ಲಿ ಹೇಳಿದ್ವಲ್ಲ, ಬಚ್ಚಲ ಬಾಗಿಲು, ಅದು ನೆನಪಿದೆಯಾ ನಿಮಗೆಲ್ಲ?” ಟೀಚರ್ ಕೇಳಿದರು. ಉತ್ತರಕ್ಕೆ ಕಾಯುವ ಅವರ ರೀತಿ ನೋಡಿದರೆ ಮಗ್ಗಿ ಒಪ್ಪಿಸಬೇಕೇನೋ ಅನ್ನಿಸುತ್ತಿತ್ತು.

“ನೀನು ಸುಮ್ನಿರೇ ಅಕ್ಕ, ನಾನು ಹೇಳ್ತೀನಿ,” ಅಂದರು ಗಿರಿಜಾ. “ನೋಡಮ್ಮ, ಎಲ್ಲಾ ಮನೇಲೂ ಬಚ್ಚಲ ಬಾಗಿಲು ಎರಡೂವರೆ ಅಡಿ ಇಡ್ತಾರೆ. ಚೌಕಟ್ಟು ಕೂತ್ರೆ ಉಳಿಯೋದು ಎರಡಡಿ ಚಿಲ್ಲರೆ. ನನ್ನ ಗಾಡಿ ಅರ್ಧ ಒಳಗೆ, ಅರ್ಧ ಹೊರಗೆ. ಬಾಗಿಲು ಹಾಕೋಕಾಗಲ್ಲ. ಮೂವತ್ತು ವರ್ಷದಿಂದ ನಮ್ಮಕ್ಕ ಆ ಕಡೆ ಮುಖ ತಿರುಗಿಸ್ಕೊಂಡು ನಿಂತು, ಎರಡೆರಡು ನಿಮಿಷಕ್ಕೆ ‘ಆಯ್ತೇನೆ, ಆಯ್ತೇನೆ’ ಅಂತ ಕೇಳ್ತಾಳೆ. ಪರೀಕ್ಷೆ ಹಾಲ್‌ನಲ್ಲಿ ಪೇಪರ್ ಕಿತ್ಕೊಳ್ಳೋಕೆ ಬಂದೋರ ಹಾಗೆ!”

“ಬಿದ್ದೀಯಾ ಅಂತ ಭಯ ಕಣೇ ನನಗೆ,” ಅಂದರು ಟೀಚರ್, ಸಣ್ಣ ದನಿಯಲ್ಲಿ.

“ಅದು ಗೊತ್ತು. ಆದ್ರೂ ಒಂದ್ಸಲ ನಾನೇ ಒಳಗೆ ಹೋಗಿ, ನಾನೇ ಒಳಗಿಂದ ಚಿಲಕ ಹಾಕ್ಕೋಬೇಕು. ಈಜುಕೊಳ, ಜಿಮ್ಮು ಎಲ್ಲಾ ನೀವೇ ಇಟ್ಕೊಳ್ಳಿ. ನಂಗೆ ಆ ಚಿಲಕ ಒಂದು ಸಾಕು.”

ಹಾಗೆಂದು ಗಿರಿಜಾ ಮಡಿಲಿನಿಂದ ಒಂದು ದಾರ ತೆಗೆದುಕೊಟ್ಟರು. ಹಳೇ ಸೀರೆಯ ಅಂಚಿನಿಂದ ಬಿಡಿಸಿದ ಕೆಂಪು ದಾರ. ಎರಡು ತುದಿಗೂ ಗಂಟು. ಗಾಲಿ ತಳ್ಳುವಾಗ ಅವರ ಒಂದು ಮೊಣಕೈಯಿಂದ ಇನ್ನೊಂದು ಮೊಣಕೈಗೆ ಎಷ್ಟಾಗುತ್ತದೋ ಅಷ್ಟು ಉದ್ದ. “ಬಾಗಿಲು ಇದಕ್ಕಿಂತ ಕಿರಿದಾಗ್ಬಾರ್ದು. ನೆನಪಿರಲಿ.”

“ಆಯ್ತು ಮೇಡಂ. ನಾನು ನೋಡ್ಕೋತೀನಿ,” ಅಂದಳು ಇಂದುಮತಿ. ಮನಸ್ಸಿಟ್ಟೇ ಅಂದಳು.

ಕೆಳಗೆ ಬಂದು ಪರದೆ ನೋಡಿದರೆ ಆ ಕೆಲಸದ ಗೆರೆ ಆಗಲೇ ಹಸಿರಾಗಿತ್ತು. ‘ಒಂಬತ್ತು–ಮೂರು. ಬಚ್ಚಲ ಬಾಗಿಲು ಮೂರಡಿಗೆ ಅಗಲ ಮಾಡುವುದು. ಆಗಿದೆ.’ ಸದ್ಯ, ನನಗಿಂತ ಮೊದಲೇ ಯಾರೋ ಮಾಡಿದ್ದಾರೆ ಎಂದು ಅವಳ ಎದೆ ಹಗುರಾಯಿತು. ದಾರವನ್ನು ಸುತ್ತಿ ಮೇಜಿನ ಡ್ರಾಯರಿನಲ್ಲಿಟ್ಟಳು. ಅಲ್ಲಿಗೆ ಅದನ್ನು ಮರೆತಳು.

ಅದಾಗಿ ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ, ಒಂಟಿಕೊಪ್ಪಲಿನ ಮನೆಯಲ್ಲಿ ಇಂದುಮತಿ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು. ನಡುಮನೆಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಅಜ್ಜಿ ಕೂಗಿ ಹೇಳಿದರು, “ಇಂದೂ, ಟ್ಯಾಂಕು ತುಂಬಿರುತ್ತೆ, ಮೋಟ್ರು ಆಫ್ ಮಾಡೇ.”

“ಆಯ್ತಜ್ಜೀ.”

ಜಡೆ ಅರ್ಧ ಆಗಿತ್ತು. ಪೂರ್ತಿ ಹಾಕಿ ಹೋಗೋಣವೆಂದುಕೊಂಡಳು. ಅಂದು ಒಂಬತ್ತನೇ ಅಂತಸ್ತಿನ ಗೋಡೆಗಳಿಗೆ ಕಾಂಕ್ರೀಟು ಬೀಳುವ ದಿನ. ಹಾಗೇ ಗೋಡೆಗಳ ಯೋಚನೆಯಲ್ಲಿ ಮುಳುಗಿದಳು. ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರ ದನಿ ಬಂತು: “ಏನ್ರೀ ಅಜ್ಜಿ, ನಿಮ್ಮನೆ ತಾರಸಿ ಮೇಲೆ ಗಂಗಾವತರಣ ನಡೀತಿದೆಯಾ? ನನ್ನ ರಂಗೋಲಿಯೆಲ್ಲ ತೇಲ್ಕೊಂಡು ಹೋಯ್ತು!”

ಅಜ್ಜಿ ಹೂವನ್ನು ಮಡಿಲಿಂದ ಕೊಡವಿ ಎದ್ದರು. “ಆಯ್ತು ಅಂದ್ಯಲ್ಲೇ!”

“ಮಾಡ್ತೀನಿ ಅಂತ ಆಯ್ತು ಅಂದೆ ಅಜ್ಜಿ. ಮಾಡಿದೆ ಅಂತಲ್ಲ...”

ಹೇಳುತ್ತ ಹೇಳುತ್ತಲೇ ಅವಳಿಗೆ ಒಂಬತ್ತು–ಮೂರರ ಆ ಹಸಿರು ಗೆರೆ ನೆನಪಾಯಿತು. ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು. ಮೇಲಿಂದ ನೀರು ಧೋ ಎಂದು ಸುರಿಯುತ್ತಿತ್ತು.

“ನಿಂದು ಚಿಕ್ಕಂದಿನಿಂದ ಇದೇ ಕಥೆ,” ಮೋಟಾರು ಆರಿಸಿ ಬಂದ ಅಜ್ಜಿ ಗೊಣಗಿದರು. “ನಿದ್ದೆ ಮಾಡ್ತಾ ಮಾಡ್ತಾ ಹೂಂ ಅಂತಿದ್ದೆ. ಅದಕ್ಕೇ ನಾನು ಕಥೆ ಮಧ್ಯೆ ‘ಆಗ ಆನೆ ತೆಂಗಿನ ಮರ ಹತ್ತಿತು’ ಅಂತಿದ್ದೆ. ಅದಕ್ಕೂ ಹೂಂ ಅಂದ್ರೆ ಹೊದಿಕೆ ಹೊದಿಸಿ ದೀಪ ಆರಿಸ್ತಿದ್ದೆ.”

ಇಂದುಮತಿ ಅರ್ಧ ಜಡೆಯಲ್ಲೇ ಸ್ಕೂಟರ್ ಹತ್ತಿದಳು.

ನೆಲಮಾಳಿಗೆಯ ಕೋಣೆಗೆ ಬರುವಾಗ ಎಂಟೂಕಾಲು. ಹತ್ತಕ್ಕೆ ಕಾಂಕ್ರೀಟು. ಅವಳು ಕೂರಲೂ ಇಲ್ಲ.

“ಗಿಳಿ, ಒಂಬತ್ತು–ಮೂರರ ಬಚ್ಚಲ ಬಾಗಿಲು?”

“ಮೂರಡಿಗೆ ಅಗಲ ಮಾಡುವ ಕೆಲಸ ಆಗಿದೆ. ನಂಬಿಕೆ ತೊಂಬತ್ತೆಂಟು.”

“ಯಾರು ಅಳೆದರು?”

“ಅಳತೆ ಇಲ್ಲ. ಮಾತು ಇದೆ. ನಾಲ್ಕು.”

“ಕೇಳಿಸು.”

ಮೊದಲ ದನಿ ಬುಕಿಂಗ್ ಮೇಜಿನಾತನದು. ಅವನು ಕೆಲಸ ಬಿಟ್ಟು ಎಷ್ಟೋ ದಿನವಾಗಿತ್ತು. ಟೀಚರ್ ಬಾಗಿಲಿನ ವಿಷಯ ಹೇಳುತ್ತಾರೆ, ಅವನು “ಆಯ್ತು ಮೇಡಂ” ಅನ್ನುತ್ತಾನೆ. ನಂಬಿಕೆ ಅರವತ್ತೊಂದು. ಎರಡನೆಯದು ಪ್ರಾಜೆಕ್ಟ್ ಮ್ಯಾನೇಜರ್ ಚನ್ನಕೇಶವ ಅವರದು. ಬುಕಿಂಗಿನವನು ಕೆಲಸದವರ ಲಿಫ್ಟಿನಲ್ಲಿ ಅದೇ ವಿಷಯ ಹೇಳುತ್ತಾನೆ, ಅವರು ಫೋನಿನಲ್ಲಿ ಇನ್ಯಾರಿಗೋ ಬೈಯುತ್ತಲೇ “ಹಾಂ, ಆಯ್ತು ಆಯ್ತು” ಅನ್ನುತ್ತಾರೆ. ಎಪ್ಪತ್ತೊಂಬತ್ತು. ಮೂರನೆಯದು ಅಚ್ಚು ಕಟ್ಟುವ ದಸ್ತಗೀರ್ ಮೇಸ್ತ್ರಿಯದು. ಚನ್ನಕೇಶವ ಮೆಟ್ಟಿಲ ಮೇಲೆ ವಿಷಯ ಹೇಳುತ್ತಾರೆ, ಅವನು “ಆಯ್ತು ಸಾರ್” ಅನ್ನುತ್ತಾನೆ. ತೊಂಬತ್ತೊಂದು. ನಾಲ್ಕನೆಯದು ಬೇವಿನ ಮರದ ಕೆಳಗೆ ಅವಳದೇ ಹೆಲ್ಮೆಟ್ಟು ಕೇಳಿಸಿಕೊಂಡ ಇಂದುಮತಿಯ ದನಿ. ಎಷ್ಟು ಪ್ರೀತಿಯಿಂದ ಹೇಳಿದ್ದಳು! ತೊಂಬತ್ತೆಂಟು.

‘ಆಗು’ ಎಂಬ ಧಾತುವಿನ ಭೂತಕಾಲ ಆಯ್ತು. ಹಾಗೆಂದು ಗಿಳಿ ಕಲಿತಿತ್ತು. ವ್ಯಾಕರಣದಲ್ಲಿ ಒಂದಿಷ್ಟೂ ತಪ್ಪಿಲ್ಲ. ಸಾಮಾನ್ಯ ಕೆಲಸಗಳಲ್ಲಿ ಜನ ಆಯ್ತು ಅಂದವರೇ ಹೋಗಿ ಮಾಡಿಬಿಡುತ್ತಿದ್ದರು, ಹಾಗಾಗಿ ಒಂದೆರಡು ಗಂಟೆಯ ಅಂತರ ಯಾರ ಕಣ್ಣಿಗೂ ಬೀಳಲಿಲ್ಲ. ಇದು ಹಾಗಲ್ಲ. ಒಬ್ಬರು ಇನ್ನೊಬ್ಬರಿಗೆ ದಾಟಿಸಿದ ಮಾತು. ಒಬ್ಬೊಬ್ಬರೂ ಮುಂದಿನವರು ಮಾಡುತ್ತಾರೆಂದು ಆಯ್ತು ಅಂದಿದ್ದರು, ಪ್ರತಿ ಆಯ್ತಿಗೂ ನಂಬಿಕೆ ಏರಿತ್ತು. ಬಾಗಿಲು ಮಾತ್ರ ಇದ್ದಲ್ಲೇ ಇತ್ತು.

ಇಂದುಮತಿ ಡ್ರಾಯರಿನಿಂದ ಕೆಂಪು ದಾರ ತೆಗೆದುಕೊಂಡು ಓಡಿದಳು.

ಒಂಬತ್ತನೇ ಅಂತಸ್ತಿನಲ್ಲಿ ಅಲ್ಯೂಮಿನಿಯಂ ಅಚ್ಚುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಆ ಕಟ್ಟಡದಲ್ಲಿ ಇಟ್ಟಿಗೆಯೇ ಇಲ್ಲ. ಗೋಡೆಯ ಆಕಾರಕ್ಕೆ ಅಚ್ಚು ನಿಲ್ಲಿಸಿ, ಒಳಗೆ ಕಂಬಿ ಹೆಣೆದು, ಮನೆಯನ್ನೇ ಒಂದು ಇಡ್ಲಿಯ ಹಾಗೆ ಎರಕ ಹೊಯ್ಯುವುದು. ಒಮ್ಮೆ ಗಟ್ಟಿಯಾದರೆ ಪ್ರತಿ ಗೋಡೆಯೂ ಕಟ್ಟಡದ ಭಾರ ಹೊರುವ ಗೋಡೆ. ಆಮೇಲೆ ಒಂದಿಂಚು ಕೊರೆಯುವುದಕ್ಕೂ ಯಾರೂ ಒಪ್ಪುವಂತಿಲ್ಲ.

“ಮೇಸ್ತ್ರಿ, ಈ ತುದಿ ಹಿಡ್ಕೊಳ್ಳಿ,” ಎಂದು ಇಂದುಮತಿ ದಾರದ ಒಂದು ಗಂಟನ್ನು ದಸ್ತಗೀರ್ ಕೈಗೆ ಕೊಟ್ಟಳು.

“ಏನು ಇಂದಮ್ಮ, ಬೆಳಿಗ್ಗೆ ಬೆಳಿಗ್ಗೆ ತಾಯತ ಕಟ್ಟೋಕೆ ಬಂದ್ರಾ? ಜಡೆ ಬೇರೆ ಅರ್ಧ ಇದೆ!”

ಬಾಗಿಲಿನ ಜಾಗಕ್ಕೆ ದಾರ ಹಿಡಿದರು. ದಾರ ಬಿಗಿಯಾಗಲೇ ಇಲ್ಲ. ಮಧ್ಯೆ ಜೋಲಿ ಬಿದ್ದು ತೂಗಿತು. ಬಾಗಿಲು ಕಿರಿದು. ಮೇಸ್ತ್ರಿಯ ಮುಖದ ನಗೆ ಇಳಿಯಿತು.

“ಫ್ಯಾಕ್ಟರಿಯಿಂದ ಬಂದ ಅಚ್ಚು ಇದೇ ಇಂದಮ್ಮ. ಅಗಲ ಆಗಿದೆ ಅಂತ ಗಿಳಿ ಹೇಳ್ತಿತ್ತಲ್ಲ, ಅಚ್ಚನ್ನೇ ಬದಲಾಯಿಸಿ ಕಳ್ಸಿದಾರೆ ಅಂದ್ಕೊಂಡೆ. ಎಲ್ಲಾ ಅಚ್ಚೂ ನೋಡೋಕೆ ಒಂದೇ ಥರ ಇರ್ತವೆ.”

ಹೆಲ್ಮೆಟ್ಟಿನ ಅಂಚಿನಿಂದ ಗಿಳಿ ಶಾಂತವಾಗಿ ಹೇಳಿತು: “ಬಾಗಿಲ ಜಾಗ ಎರಡೂವರೆ ಅಡಿ, ನಕ್ಷೆಯಂತೆ ಸರಿ ಇದೆ. ಅಗಲ ಮಾಡುವ ಕೆಲಸ ಆಗಿದೆ.” ಎರಡು ಮಾತಿಗೂ ಜಗಳವಿದೆಯೆಂದು ಅದಕ್ಕೆ ಹೊಳೆಯಲಿಲ್ಲ.

ಅಷ್ಟರಲ್ಲಿ ಚನ್ನಕೇಶವ ಬಂದರು. ಬೆಳಿಗ್ಗೆಯಿಂದ ಮೂರು ಕಾಫಿ ಕುಡಿದೂ ತಿಂಡಿ ತಿನ್ನದ ಮುಖ. ಇಂದುಮತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ದಾರವನ್ನು ನೋಡಿದರು, ಬಾಗಿಲನ್ನು ನೋಡಿದರು, ಕೆಳಗೆ ಗೇಟಿನತ್ತ ನೋಡಿದರು. ಮೊದಲ ಮಿಕ್ಸರ್ ಲಾರಿ ಹೊಟ್ಟೆ ತಿರುಗಿಸುತ್ತ ಒಳಗೆ ಬರುತ್ತಿತ್ತು.

“ಕಾಂಕ್ರೀಟು ನಿಲ್ಲಿಸೋ ಕೆಂಪು ಗುಂಡಿ ಇರೋದು ಪ್ರಾಣಾಪಾಯಕ್ಕೆ ಮಾತ್ರ ಇಂದುಮತಿ. ಬಾಗಿಲಿಗೆ ಒತ್ತೋಕಾಗಲ್ಲ. ಗಿಳಿ ತೊಂಬತ್ತೆಂಟು ಅಂತಿರುವಾಗ ಏನಂತ ನಿಲ್ಲಿಸ್ಲಿ ನಾನು?”

“ಆ ತೊಂಬತ್ತೆಂಟರಲ್ಲಿ ಒಂದು ಆಯ್ತು ನನ್ನದು ಸಾರ್. ನಾನು ಸುಳ್ಳು ಹೇಳ್ಲಿಲ್ಲ. ಆದ್ರೆ ಮಾಡ್ಲೂ ಇಲ್ಲ.” ಅವಳು ಹೆಲ್ಮೆಟ್ಟನ್ನು ಬಾಯ ಹತ್ತಿರ ಹಿಡಿದಳು. “ಗಿಳಿ, ನನ್ನ ಆಯ್ತು ವಾಪಸ್.”

“ಆದದ್ದನ್ನು ವಾಪಸ್ ಪಡೆಯಲು ಬರುವುದಿಲ್ಲ. ಆಯ್ತು ಎಂದ ದನಿಯೇ ಆಗಿಲ್ಲವೆಂದು ಹೇಳಬಹುದು.”

“ಆಗಿಲ್ಲ. ನಾನು ಮಾಡಿಲ್ಲ.”

“ನಂಬಿಕೆ ತೊಂಬತ್ತೊಂದು.”

ಇನ್ನೂ ಹಸಿರೇ. ಅವಳು ಮೇಸ್ತ್ರಿಯ ಕಡೆ ನೋಡಿದಳು. ಮೇಸ್ತ್ರಿ ತಲೆಯ ಮೇಲಿನ ಹೆಲ್ಮೆಟ್ಟನ್ನು ಮೆಲ್ಲಗೆ ಕೆಳಗಿಳಿಸಿದ. “ಮೂವತ್ತು ವರ್ಷದ ಮೇಸ್ತ್ರಿಗಿರಿ. ಈ ಬಾಯಿಂದ ‘ಆಗಿಲ್ಲ’ ಅಂತ ಬಂದಿದ್ದೇ ಇಲ್ಲ, ಕೇಳಿ ಬೇಕಾದ್ರೆ,” ಅಂದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಏ ಗಿಳಿ, ದಸ್ತಗೀರ್ ಹೇಳ್ತಾ ಇದೀನಿ. ಆಗಿಲ್ಲ. ನೋಡ್ಲಿಲ್ಲ ನಾನು,” ಅಂದ.

“ಎಪ್ಪತ್ತೊಂಬತ್ತು.”

ಎಪ್ಪತ್ತೈದಕ್ಕೆ ಇನ್ನೂ ನಾಲ್ಕು ಮೇಲೆ. ಕೆಳಗೆ ಪಂಪಿನ ಉದ್ದನೆಯ ಕೈ ಮಡಿಕೆ ಬಿಚ್ಚಿಕೊಂಡು ಮೇಲೇರತೊಡಗಿತ್ತು.

ಉಳಿದದ್ದು ಚನ್ನಕೇಶವರ ಆಯ್ತು. ಗಿಳಿಗೆ ಹೇಳಿದ ಮಾತು ಅರ್ಧ ಗಂಟೆಯೊಳಗೆ ಹೆಡ್ ಆಫೀಸಿನ ಮೇಜಿನ ಮೇಲಿರುತ್ತದೆ. ಅವರ ಮೇಲೆ ಕಣ್ಣಿಟ್ಟವರು ಅಲ್ಲಿ ಕಡಿಮೆಯಿರಲಿಲ್ಲ. ಇಂದುಮತಿಗೆ ಅದು ಗೊತ್ತಿತ್ತು. ಹಾಗಾಗಿ ಅವಳು ಒತ್ತಾಯಿಸಲಿಲ್ಲ. ಸುಮ್ಮನೆ ದಾರವನ್ನು ಅವರ ಅಂಗೈಯಲ್ಲಿಟ್ಟಳು.

“ಇದು ಎಂಥ ಅಳತೆ?”

“ಗಿರಿಜಾ ಮೇಡಂ ಅವರ ಎರಡು ಮೊಣಕೈ ಸಾರ್. ಗಾಡಿ ತಳ್ಳುವಾಗ. ಮೂವತ್ತು ವರ್ಷದಿಂದ ಅವರು ಬಚ್ಚಲ ಬಾಗಿಲು ಹಾಕ್ಕೊಂಡಿಲ್ಲ. ಒಳಗಿಂದ ಚಿಲಕ ಹಾಕ್ಕೋಬೇಕು ಅಂದ್ರು. ನಾನು ಆಯ್ತು ಅಂದೆ.”

ಚನ್ನಕೇಶವ ದಾರವನ್ನು ತಮ್ಮ ಎದೆಯ ಮುಂದೆ ಹಿಡಿದು, ಇಲ್ಲದ ಗಾಲಿಗಳನ್ನು ತಳ್ಳುವವರ ಹಾಗೆ ಮೊಣಕೈಗಳನ್ನು ಅಗಲಿಸಿದರು. ಹಾಗೇ ಒಂದು ಹೆಜ್ಜೆ ಬಾಗಿಲಿನ ಕಡೆ ಇಟ್ಟರು. ಎರಡೂ ಮೊಣಕೈ ಅಲ್ಯೂಮಿನಿಯಮ್ಮಿಗೆ ತಾಗಿದವು.

“ಲಿಫ್ಟಲ್ಲಿ ಹೇಳಿದ್ದ ಆ ಬುಕಿಂಗಿನವನು,” ಅಂದರು ಅವರು, ಯಾರಿಗೆಂದಿಲ್ಲದೆ. “ನಾನು ಅರ್ಧ ಕೇಳಿಸ್ಕೊಂಡು ಮೇಸ್ತ್ರಿಗೆ ದಾಟಿಸ್ದೆ, ಮರೆತುಬಿಟ್ಟೆ.” ಆಮೇಲೆ ದನಿ ಎತ್ತಿ, “ಚನ್ನಕೇಶವ ಮಾತಾಡ್ತಿರೋದು. ಆಗಿಲ್ಲ. ನಾನು ಮಾಡಿಲ್ಲ, ಮಾಡ್ಸಿಲ್ಲ.”

“ಅರವತ್ತೊಂದು. ಒಂಬತ್ತನೇ ಅಂತಸ್ತು ಹಳದಿ. ಕಾಂಕ್ರೀಟು ನಿಲ್ಲಿಸಲಾಗಿದೆ.”

ಪಂಪಿನ ಕೈ ಆಕಾಶದಲ್ಲಿ ಅರ್ಧಕ್ಕೇ ನಿಂತಿತು. ಅಷ್ಟು ದೊಡ್ಡ ಜಾಗ ಅಷ್ಟು ನಿಶ್ಶಬ್ದವಾಗಿದ್ದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲೋ ಒಂದು ಗುಬ್ಬಿ ಚಿಲಿಗುಟ್ಟಿತು.

ಆಮೇಲೆ ಕೈಗಳಿಗೆ ಪುರಸೊತ್ತಿಲ್ಲ. ಬಂದ ಲಾರಿಗಳನ್ನು ಕಾಂಪೌಂಡ್ ಗೋಡೆಯ ಪಾಯದ ಕಡೆ ತಿರುಗಿಸಿದರು. ವಿನ್ಯಾಸದ ಎಂಜಿನಿಯರಮ್ಮನಿಗೆ ಫೋನು ಹೋಯಿತು. ಆಕೆ ಲೆಕ್ಕ ಹಾಕಿ, ಬಾಗಿಲಿನ ಎರಡು ಮೂಲೆಗೂ ಹೆಚ್ಚಿನ ಕಂಬಿ ಕೊಟ್ಟರೆ ಸರಿಹೋಗುತ್ತದೆಂದು ಊಟದ ಹೊತ್ತಿಗೆ ಹೊಸ ನಕ್ಷೆ ಕಳಿಸಿದರು. ಫ್ಯಾಕ್ಟರಿಯಿಂದ ಹೊಸ ಅಚ್ಚು ಬರಲು ಮೂರು ವಾರ. ದಸ್ತಗೀರ್ ಮೇಸ್ತ್ರಿ ಅಷ್ಟು ಕಾಯಲಿಲ್ಲ. ತನ್ನ ತಂದೆಯ ಕಾಲದ ಹಾಗೆ ಮರದ ಹಲಗೆ ಕೊಯ್ಯಿಸಿ, ಪ್ಲೈವುಡ್ ಹೊಡೆದು, ಮೂರಡಿಯ ಪೆಟ್ಟಿಗೆಯೊಂದನ್ನು ಕಟ್ಟಿ ಬಾಗಿಲಿನ ಜಾಗದಲ್ಲಿ ನಿಲ್ಲಿಸಿದ. ಹೊಳೆಯುವ ಅಲ್ಯೂಮಿನಿಯಮ್ಮಿನ ನಡುವೆ ಅದೊಂದು ಹಳೇ ಕಾಲದ ಸಂದೂಕದ ಹಾಗೆ ಕಾಣುತ್ತಿತ್ತು. ದಾರ ಹಿಡಿದು ನೋಡಿದರು. ಚೌಕಟ್ಟಿಗೆ ಜಾಗ ಕಳೆದೂ ಎರಡು ಬೆರಳು ಹೆಚ್ಚೇ ಇತ್ತು. ಗಿಳಿಯ ಗೆರೆ ಹಳದಿಯಿದ್ದರೂ ಚನ್ನಕೇಶವ ತಾವೇ ಸಹಿ ಹಾಕಿ ಕಾಂಕ್ರೀಟು ಕರೆಸಿದರು. ನಾಲ್ಕು ಗಂಟೆಗೆ ಪಂಪಿನ ಕೈ ಮತ್ತೆ ಮೇಲೇರಿತು.

ಹೆಡ್ ಆಫೀಸಿನಿಂದ ಚನ್ನಕೇಶವರಿಗೆ ಎರಡು ಪುಟದ ಪತ್ರ ಬಂತು. ಅವರು ಅದನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡು, ಇಂದುಮತಿಯನ್ನು ಕರೆದು ಕೇಳಿದ್ದು ಒಂದೇ: “ಇಂಥಾ ಆಯ್ತು ಇನ್ನೂ ಎಷ್ಟಿವೆ ಕಟ್ಟಡದಲ್ಲಿ?”

“ನಾಲ್ಕು ಸಾವಿರದ ಮೇಲೆ ಸಾರ್.”

ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. “ಒಂದೊಂದೇ ಹೋಗಿ ಮುಟ್ಟಿ ನೋಡೋಣ. ಇನ್ಮುಂದೆ?”

“ಇನ್ಮುಂದೆ ಗಿಳಿಗೆ ಆನೆಯನ್ನ ಮರ ಹತ್ತಿಸೋದು ಕಲಿಸ್ತೀನಿ.”

ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ. ಆ ವಾರದಿಂದ ಯಾರೇ ಆಯ್ತು ಅಂದರೂ ಗಿಳಿ ತಿರುಗಿ ಕೇಳತೊಡಗಿತು: “ಆಗಿದೆಯೋ, ಆಗಬೇಕೋ?” ಮೊದಮೊದಲು ಕೆಲಸದವರು ರೇಗಿದರು. ಆಮೇಲೆ ಆಡಿಕೊಂಡು ನಕ್ಕರು. ಒಂದು ಮಧ್ಯಾಹ್ನ ಚನ್ನಕೇಶವ “ಊಟ ಆಯ್ತಾ ಮೇಸ್ತ್ರಿ?” ಎಂದು ಕೇಳಿದರು. “ಆಯ್ತು ಸಾರ್,” ಅಂದ ಮೇಸ್ತ್ರಿ. “ಆಗಿದೆಯೋ, ಆಗಬೇಕೋ?” ಅಂದಿತು ಗಿಳಿ. ಮೇಸ್ತ್ರಿ ತಲೆ ಕೆರೆದುಕೊಂಡ. “ಆಗ್ಬೇಕು ಕಣಪ್ಪಾ. ಮಾನ ಕಳೀಬೇಡ,” ಅಂದ. ಅಂದು ಇಬ್ಬರೂ ಒಟ್ಟಿಗೆ ಕೂತು ಉಂಡರು. ನಂಬಿಕೆಯ ಅಂಕಿಗಳೆಲ್ಲ ಕುಸಿದು ಹೆಡ್ ಆಫೀಸಿನವರ ನಿದ್ದೆ ಕೆಟ್ಟಿತೇನೋ ನಿಜ. ಕಟ್ಟಡದವರೆಲ್ಲ ಮಾತ್ರ ಟೇಪು ಹಿಡಿದು ಓಡಾಡುವುದನ್ನು ಕಲಿತರು.

ಮುಂದಿನ ವರ್ಷ ಮನೆಗಳಿಗೆ ಬೀಗದ ಕೈ ಕೊಡುವ ದಿನ ಬಂತು. ಬೀಗದ ಕೈ ಕೊಟ್ಟ ಕೂಡಲೇ ಆ ಮನೆಯ ಗೋಡೆಯ ಕಿವಿಗಳೆಲ್ಲ ಶಾಶ್ವತವಾಗಿ ಮುಚ್ಚಿಹೋಗುವುದು ನಿಯಮ. ಒಂಬತ್ತು–ಮೂರರಲ್ಲಿ ಅದಾಗಲೇ ಆಗಿತ್ತು. ಇಂದುಮತಿಯ ಕೈಯಲ್ಲಿದ್ದ ಹೆಲ್ಮೆಟ್ಟಿನ ಕಿವಿಯೊಂದೇ ಅಲ್ಲಿ ಬಾಕಿ. ಗಿಳಿಯ ಪಟ್ಟಿಯಲ್ಲಿ ಆ ಮನೆಯ ಒಂದು ಗೆರೆ ಇನ್ನೂ ಹಳದಿಯಾಗಿತ್ತು. ಬಾಗಿಲು ಕೂತು ಎಷ್ಟೋ ದಿನವಾಗಿದ್ದರೂ ಅದನ್ನು ಹಸಿರು ಮಾಡಲು ಇಂದುಮತಿಗೆ ಮನಸ್ಸು ಬಂದಿರಲಿಲ್ಲ.

ಗಿರಿಜಾ ಅಡುಗೆಮನೆ ನೋಡಲಿಲ್ಲ. ಬಾಲ್ಕನಿಯಿಂದ ಬೆಟ್ಟ ನೋಡಲಿಲ್ಲ. “ಎಲ್ಲಿದೆ?” ಅಂದರು, ಅಷ್ಟೇ. ಗಾಲಿಯನ್ನು ತಾವೇ ತಳ್ಳಿಕೊಂಡು ಹೋದರು. ಬಾಗಿಲ ಮುಂದೆ ಗಾಲಿ ನಿಲ್ಲಿಸಿದರು. ಮೊಣಕೈ ಅಗಲಿಸಿ ಒಂದು ತಳ್ಳು. ಎಡಕ್ಕೆ ತಾಗಲಿಲ್ಲ. ಬಲಕ್ಕೆ ತಾಗಲಿಲ್ಲ. ಕುರ್ಚಿ ಒಳಗೆ ಹೋಗಿ, ಸುತ್ತು ತಿರುಗಿ, ಮುಖ ಈಚೆಗಾಯಿತು. ಗಿರಿಜಾ ಅಕ್ಕನನ್ನೊಮ್ಮೆ ನೋಡಿ, ಕಣ್ಣು ಮಿಟುಕಿಸಿ, ಬಾಗಿಲು ಹಾಕಿಕೊಂಡರು.

ಟಕ್. ಚಿಲಕ ಬಿತ್ತು.

ಹೊರಗೆ ಟೀಚರ್ ಒಬ್ಬರೇ ನಿಂತಿದ್ದರು. ಮೂವತ್ತು ವರ್ಷದ ಅಭ್ಯಾಸದಿಂದ ಅವರ ಮುಖ ತಾನಾಗಿ ಪಕ್ಕಕ್ಕೆ ತಿರುಗಿತು. ಬಾಯಿ ತೆರೆಯಿತು: “ಆಯ್...” ಅಷ್ಟಕ್ಕೇ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡರು. ಮುಖ ತಿರುಗಿಸಿಕೊಳ್ಳಲು ಇನ್ನು ಕಾರಣವೇ ಉಳಿದಿರಲಿಲ್ಲ. ಮುಚ್ಚಿದ ಬಾಗಿಲನ್ನೇ ಅವರು ಬೆಟ್ಟ ನೋಡುವವರ ಹಾಗೆ ನೋಡುತ್ತ ನಿಂತರು. ಒಳಗಿನಿಂದ ನಲ್ಲಿಯ ಸದ್ದು ಬಂತು. ಆಮೇಲೆ, ಯಾರಿಗೂ ಅವಸರವಿಲ್ಲದ ಹಾಡೊಂದರ ಗುನುಗು.

“ಒಂಬತ್ತು–ಮೂರು. ಬಚ್ಚಲ ಬಾಗಿಲು,” ಹೆಲ್ಮೆಟ್ಟಿನಿಂದ ಗಿಳಿ ಸಣ್ಣಗೆ ಕೇಳಿತು. “ಆಗಿದೆಯೋ, ಆಗಬೇಕೋ?”

ಇಂದುಮತಿ ತುಟಿಯ ಮೇಲೆ ಬೆರಳಿಟ್ಟಳು, ಯಂತ್ರಕ್ಕೆ ಅದು ಕಾಣದೆಂದು ಗೊತ್ತಿದ್ದೂ. ಕಾದಳು. ಹಾಡು ಮುಗಿಯಿತು. ಚಿಲಕ ಸರಿಯಿತು. ಬಾಗಿಲು ತೆರೆದು, ಮುಖ ತೊಳೆದು ಕೆಂಪಗಾದ ಗಿರಿಜಾ, ತಾವೇ ಗಾಲಿ ತಳ್ಳಿಕೊಂಡು ಹೊಸಿಲಿಲ್ಲದ ಆ ಬಾಗಿಲು ದಾಟಿ ಬಂದರು.

“ಆಗಿದೆ,” ಅಂದಳು ಇಂದುಮತಿ.

“ಆಯ್ತು,” ಅಂದಿತು ಗಿಳಿ.